ಕಂಠದಲ್ಲಿ ನಿಂತದ್ದು

ಸಮುದ್ರಮಥನವನ್ನು ದೇಹದೊಳಗೇ ನಡೆಯುವ ಕ್ರಿಯೆಯೆಂದು ಓದುವವರುಂಟು. ಮಂದರವೆಂದರೆ ಬೆನ್ನೆಲುಬು, ವಾಸುಕಿಯೆಂದರೆ ಪ್ರಾಣ, ಎರಡು ಕಡೆಗೆ ಎಳೆಯುವ ದೇವಾಸುರರೆಂದರೆ ಇಡಾ ಪಿಂಗಳಾ ನಾಡಿಗಳು, ಕೆಳಗೆ ಭಾರ ಹೊತ್ತ ಕೂರ್ಮವೆಂದರೆ ಒಳಗೆಳೆದುಕೊಂಡ ಇಂದ್ರಿಯಗಳು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಆಮೆಯ ಹೋಲಿಕೆಯೇ ಇರುವುದರಿಂದ ಕೂರ್ಮದ ಅರ್ಥವನ್ನು ಮನಸ್ಸು ಬೇಗ ಒಪ್ಪುತ್ತದೆ.

ಮಾಟುಂಗಾದ ಮನೆಯೊಂದರಲ್ಲಿ ಭಾನುವಾರಗಳಂದು ಸೇರಿ ಭಾಗವತದ ಎಂಟನೆಯ ಸ್ಕಂಧವನ್ನು ಓದುತ್ತಿರುವ ನಮಗೆ ಇಂತಹ ಹೋಲಿಕೆಗಳಲ್ಲಿ ಆಸಕ್ತಿ ಹೆಚ್ಚು. ಎಲ್ಲವೂ ಗಟ್ಟಿಯಲ್ಲ. ಬೆನ್ನೆಲುಬಿನ ಕಶೇರುಗಳು 33, ದೇವತೆಗಳೂ 33 ಎಂಬ ಮಾತು ಜನಪ್ರಿಯ. ಆದರೆ ಬೆಳೆದವರಲ್ಲಿ ಕೆಳಗಿನವು ಕೂಡಿಕೊಂಡು ಸಾಮಾನ್ಯವಾಗಿ 26 ಎಲುಬುಗಳಷ್ಟೇ ಉಳಿಯುತ್ತವೆ. ಮಿಕ್ಕ ಏಳು ದೇವತೆಗಳೆಲ್ಲಿ ಹೋದರೆಂದು ನಮ್ಮಲ್ಲೊಬ್ಬರು ನಕ್ಕರು. ಬೃಹದಾರಣ್ಯಕದ ಯಾಜ್ಞವಲ್ಕ್ಯರು 33ನ್ನು ಎಣಿಸುವಾಗ ಎಲುಬಿನ ಗೋಜಿಗೆ ಹೋಗುವುದಿಲ್ಲ. ಅವರಿಗೆ ರುದ್ರರು ಹನ್ನೊಂದು: ಹತ್ತು ಪ್ರಾಣಗಳು, ಜೊತೆಗೆ ಆತ್ಮ. ಅವು ಶರೀರವನ್ನು ಬಿಟ್ಟು ಹೊರಟಾಗ ಉಳಿದವರನ್ನು ಅಳಿಸುತ್ತವೆ, ಆದ್ದರಿಂದ ರುದ್ರರು. ಲೆಕ್ಕಕ್ಕಿಂತ ಈ ಅಳು ನಮಗೆ ನಿಜವೆನಿಸಿತು.

ಹಾಲಾಹಲದ ಅಧ್ಯಾಯ ಬಂದಾಗ ತೊಡಕಾಯಿತು. ಕಂಠದಲ್ಲಿ 16 ದಳಗಳ ವಿಶುದ್ಧ ಚಕ್ರವಿದೆ, ವಿಷವು ಅಲ್ಲಿ ಶುದ್ಧವಾಗಿ ವಾಕ್ಕಾಗುತ್ತದೆ ಎಂಬ ವಿವರಣೆಯನ್ನು ಯಾರು ಹೇಗೆ ಓದಬೇಕು? ನಮ್ಮ ನಡುವಿನ ಹಿರಿಯರೊಬ್ಬರು ಅರ್ಬುದದ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವರು. ಗಮಕ ಬಲ್ಲವರು. ಈಗ ಸ್ಲೇಟಿನಲ್ಲಿ ಬರೆಯುತ್ತಾರೆ. ಅವರ ಸರದಿಯನ್ನು ಮಗಳು ಓದುತ್ತಾಳೆ. ಯಾರೋ ಪ್ರೀತಿಯಿಂದಲೇ ಅವರನ್ನು ನೀಲಕಂಠನೆಂದರು. ಅವರು ನಗಲಿಲ್ಲ. "ಶಿವ ತಾನೇ ಕುಡಿದ. ನನ್ನನ್ನು ಯಾರೂ ಕೇಳಲಿಲ್ಲ" ಎಂದು ಬರೆದು ತೋರಿಸಿದರು.

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಸಂಕೇತ ಆರೋಗ್ಯವಂತರ ಸೊತ್ತೇನೋ ಎಂಬ ಅನುಮಾನ ನಮಗೆ ಆ ಸಂಜೆ ಮೊದಲಬಾರಿ ಮೂಡಿತು. ಮರಳಿ ಮೂಲಕ್ಕೆ ಹೋದೆವು. ಅಲ್ಲಿ ಚಕ್ರವಿಲ್ಲ, ದಳವಿಲ್ಲ. ಪ್ರಜೆಗಳ ಸಂಕಟ ಕಂಡು ಕರಗಿದವನು ಸತಿಗೆ ಹೇಳಿ, ಅವಳ ಸಮ್ಮತಿಯಿಂದ ವಿಷವನ್ನು ಅಂಗೈಗೆ ತೆಗೆದುಕೊಂಡನು ಎಂದಿದೆ. ಕಲೆಯೇ ಭೂಷಣವಾಯಿತು ಎಂದೂ ಇದೆ.

ಹಿರಿಯರು ಅಧ್ಯಾಯದ ಕೊನೆಯ ಶ್ಲೋಕದ ಮೇಲೆ ಬೆರಳಿಟ್ಟರು: ಕುಡಿಯುವಾಗ ಕೈಯಿಂದ ಸೋರಿದ್ದನ್ನು ಚೇಳು, ಹಾವು, ವಿಷಮೂಲಿಕೆಗಳು ಹಿಡಿದುಕೊಂಡವು. ಸ್ಲೇಟು ಒರೆಸಿ, "ಅವನ ಕೈಯೂ ಸೋರಿತ್ತು" ಎಂದು ಬರೆದರು. ಈ ಬಾರಿ ನಕ್ಕರು.

ಮುಂದಿನ ಅಧ್ಯಾಯದಲ್ಲಿ ಧನ್ವಂತರಿ ಬರುತ್ತಾನೆ. ಸರದಿ ಅವರದು, ಮಗಳು ಓದುತ್ತಾಳೆ.