ಕೇಸರ್ ಮಾವು, ಚವಳಿಕಾಯಿ ಮತ್ತು ಐಸ್‌ಕ್ರೀಮ್

ಕೊಪ್ಪಳ, ಮೇ ತಿಂಗಳು. ತೋಟಗಾರಿಕೆ ಇಲಾಖೆಯ ಮಾವು ಮೇಳದಲ್ಲಿ ಕೇಸರ್ ಹಣ್ಣಿನ ರಾಶಿ. ಗುಜರಾತಿನ ಗಿರ್ ಸೀಮೆಯಿಂದ ಬಂದ ತಳಿ ಇದು, ನಮ್ಮ ಬಿಸಿಲಿಗೆ ಒಗ್ಗಿಕೊಂಡು ಈಗ ಊರಿನದೇ ಆಗಿಬಿಟ್ಟಿದೆ. ಚೀಲ ತುಂಬಾ ಹಣ್ಣು ಕೊಂಡವರು ಮನೆಗೆ ಹೋಗುವ ಮುಂಚೆ ಮಕ್ಕಳ ಕೈ ಹಿಡಿದು ಐಸ್‌ಕ್ರೀಮ್ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಕೇಳುವುದು ‘ಮ್ಯಾಂಗೋ’. ಕಪ್ಪಿನ ಬದಿಯ ಸಣ್ಣಕ್ಷರ ಓದಿದರೆ ಅದು ಐಸ್‌ಕ್ರೀಮೇ ಅಲ್ಲ, ‘ಫ್ರೋಜನ್ ಡೆಸರ್ಟ್’. ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯಜನ್ಯ ಎಣ್ಣೆ, ಮಾವಿನ ಜಾಗದಲ್ಲಿ ಮಾವಿನ ಫ್ಲೇವರ್. ಚೀಲದಲ್ಲಿ ಹಣ್ಣು, ಬಾಯಲ್ಲಿ ಅದರ ವಾಸನೆ. ಇದೇನು ವ್ಯವಹಾರವೋ ನನಗೆ ತಿಳಿಯದು.

*

ಅದೇ ಕಪ್ಪಿನ ಮೇಲೆ ಒಂದು ಅಂಕಿಯೂ ಇದೆ: 412. ಇದು ಗೌರ್ ಗಮ್, ಅಂದರೆ ಚವಳಿಕಾಯಿ ಬೀಜದ ಹಿಟ್ಟು. ಮೈಸೂರು ಕಡೆಯವರ ಗೋರಿಕಾಯಿ. ಯಲಬುರ್ಗಾದ ಸಂತೆಯಲ್ಲಿ ಕುಪ್ಪೆ ಹಾಕಿ ಮಾರುವ, ಶೇಂಗಾ ಪುಡಿ ಹಾಕಿ ಪಲ್ಯ ಮಾಡಿ ರೊಟ್ಟಿಯ ಜೊತೆ ತಿನ್ನುವ ಕಾಯಿ ಜಗತ್ತಿನ ಎಷ್ಟೋ ಐಸ್‌ಕ್ರೀಮ್ ಕಂಪನಿಗಳ ಡಬ್ಬಿಯೊಳಗೆ ಕೂತಿದೆ ಎಂದರೆ ಸಂತೆಯಲ್ಲಿ ಕೂತವರು ನಕ್ಕಾರು. ಅದು ಅಲ್ಲಿ ಮಾಡುವ ಕೆಲಸ ಒಂದೇ: ನೀರನ್ನು ಹಿಡಿದಿಡುವುದು. ನೀರು ಓಡಾಡಿದರೆ ಒಂದಕ್ಕೊಂದು ಸೇರಿ ದೊಡ್ಡ ಹರಳಾಗುತ್ತದೆ, ಹರಳು ನಾಲಿಗೆಗೆ ಕರಕರ ಅನ್ನುತ್ತದೆ.

*

ಹಾಗಾದರೆ ಮಾವಿನ ಐಸ್‌ಕ್ರೀಮ್ ಮನೆಯಲ್ಲಿ ಯಾಕೆ ಕಲ್ಲಾಗುತ್ತದೆ ಎನ್ನುವುದಕ್ಕೆ ಉತ್ತರ ಹಣ್ಣಿನಲ್ಲೇ ಇದೆ. ಮಾವಿನ ತಿರುಳಿನಲ್ಲಿ ಶೇ 80ಕ್ಕೂ ಹೆಚ್ಚು ನೀರು, ಕಲ್ಲಂಗಡಿಯಲ್ಲಿ ಶೇ 90ಕ್ಕೂ ಹೆಚ್ಚು. ಹಾಲೂ ಬಹುಪಾಲು ನೀರೇ. ಮಾವು, ಹಾಲು ಎರಡನ್ನೂ ಮಿಕ್ಸಿಗೆ ಹಾಕಿ, ಸಕ್ಕರೆ ಸೇರಿಸಿ, ಫ್ರೀಜರಿಗೆ ಇಟ್ಟು ಬೆಳಿಗ್ಗೆ ತೆಗೆದರೆ ಸಿಗುವುದು ಹಳದಿ ಬಣ್ಣದ ಮಂಜುಗಡ್ಡೆ. ಯಂತ್ರ ಇದ್ದರೆ ಅದು ಗಡ್ಡೆಕಟ್ಟುವ ಹೊತ್ತಿನುದ್ದಕ್ಕೂ ಕಲಕುತ್ತದೆ, ಹರಳು ಬೆಳೆಯಲು ಬಿಡುವುದಿಲ್ಲ, ಗಾಳಿಯನ್ನೂ ತುಂಬುತ್ತದೆ. ಕಾರ್ಖಾನೆಯ ಐಸ್‌ಕ್ರೀಮಿನಲ್ಲಿ ಅರ್ಧದಷ್ಟು ಗಾಳಿ ಇರಬಹುದು. ಹಣ್ಣು ಕಡಿಮೆ ಬಿತ್ತೆಂದು ಜಗಳವಾಡುವ ಗಿರಾಕಿ ಗಾಳಿಗೆ ಕೊಟ್ಟ ದುಡ್ಡಿನ ಬಗ್ಗೆ ಚಕಾರ ಎತ್ತುವುದಿಲ್ಲ.

*

ಯಂತ್ರವಿಲ್ಲದೆ ಮಾಡುವ ವಿಧಾನ ಈಗ ಎಲ್ಲರ ಮೊಬೈಲಿನಲ್ಲೂ ಇದೆ: ಕ್ರೀಮನ್ನು ನೊರೆ ಬರುವಂತೆ ಕಡೆಯಿರಿ, ಕಂಡೆನ್ಸ್ಡ್ ಮಿಲ್ಕ್ ಸೇರಿಸಿ, ಹಣ್ಣು ಬೆರೆಸಿ, ಫ್ರೀಜರಿಗೆ ಇಡಿ. ನಮ್ಮ ಓಣಿಯ ಹುಡುಗಿಯೊಬ್ಬಳು ಹಾಗೇ ಮಾಡಲು ಹೊರಟಳು. ಪ್ಯಾಕೆಟ್ ಕ್ರೀಮ್ ಯಾಕೆ ಎಂದು ದಿನದಿನ ತೆಗೆದಿಟ್ಟ ಎಮ್ಮೆ ಹಾಲಿನ ಕೆನೆಯನ್ನೇ ತಗೊಂಡಳು. ಹೊರಗೆ 40 ಡಿಗ್ರಿ ಬಿಸಿಲು. ಕಡೆದಳು, ಕಡೆದಳು. ಮೊದಲು ದಪ್ಪಗಾಯಿತು, ಆಮೇಲೆ ರವೆರವೆಯಾಯಿತು, ಆಮೇಲೆ ಪಾತ್ರೆಯ ಅಂಚಿನಲ್ಲಿ ನೀರು ಬಿಟ್ಟುಕೊಂಡಿತು. ಕಟ್ಟೆಯ ಮೇಲೆ ಕೂತಿದ್ದ ಅವಳ ಅಜ್ಜಿ ಅಂದದ್ದು: “ಬೆಣ್ಣಿ ಚೊಲೊ ಬಂದೈತಲ್ಲವ್ವಾ, ಇನ್ನೇನ್ ಬೇಕ ನಿನಗ?”

ಅಜ್ಜಿ ಹೇಳಿದ್ದರಲ್ಲಿ ತಪ್ಪಿಲ್ಲ. ನೊರೆ ಕಟ್ಟಬೇಕಾದರೆ ಕ್ರೀಮ್ ಕೊರೆಯುವಷ್ಟು ತಣ್ಣಗಿರಬೇಕು, ಪಾತ್ರೆಯೂ ಅಷ್ಟೇ. ಕೊಬ್ಬು ಶೇ 30ರಿಂದ 35ರಷ್ಟು ಬೇಕು. ಅಂಗಡಿಯಲ್ಲಿ ಸಿಗುವ ಸಾದಾ ಪ್ಯಾಕೆಟ್ ಕ್ರೀಮಿನಲ್ಲಿ ಇರುವುದು ಶೇ 25ರ ಸುಮಾರು, ಅದನ್ನು ಎಷ್ಟು ಕಡೆದರೂ ಏಳುವುದಿಲ್ಲ. ಕಾಸಿದ ಹಾಲಿನ ಮೇಲೆ ಕಟ್ಟಿದ ಕೆನೆಯಂತೂ ಬೆಣ್ಣೆಯಾಗಲೆಂದೇ ಹುಟ್ಟಿದ್ದು. ಬೆಣ್ಣೆ ತೆಗೆಯುವುದರಲ್ಲಿ ತಲೆತಲಾಂತರದಿಂದ ಪಳಗಿದ ಮನೆಗಳಿಗೆ ಬೆಣ್ಣೆ ಬಾರದಂತೆ ಕಡೆಯುವ ವಿದ್ಯೆಯನ್ನು ಮೊಬೈಲು ಕಲಿಸಲು ಹೊರಟಿದೆ.

*

ಗಂಗಾವತಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನ ಊರು, ಸೋನಾ ಮಸೂರಿಯ ಊರು. ಇಲ್ಲಿ ಒಂದು ಮನೆಯಲ್ಲಿ ಕ್ರೀಮಿನ ಗೋಜಿಗೇ ಹೋಗದೆ ಮಾಡುವುದನ್ನು ನೋಡಿದೆ. ಒಂದು ಲೀಟರ್ ಎಮ್ಮೆ ಹಾಲನ್ನು ಅರ್ಧಕ್ಕೆ ಇಳಿಸಿ, ತಣ್ಣೀರಿನಲ್ಲಿ ಕದಡಿದ ಎರಡು ಚಮಚ ಅಕ್ಕಿಹಿಟ್ಟು ಹಾಕಿ, ತಳ ಹಿಡಿಯದಂತೆ ಕೈಯಾಡಿಸಿ ಗಂಜಿಯಷ್ಟು ದಪ್ಪ ಮಾಡಿದರು. ಸಕ್ಕರೆ ಮಾತ್ರ ಧಾರಾಳ. ಬಿಸಿಯಿದ್ದಾಗ ರುಚಿ ನೋಡಿದರೆ ಕಂಠ ಕಟ್ಟುವಷ್ಟು ಸಿಹಿ. ಹೆಪ್ಪುಗಟ್ಟಿದ ಮೇಲೆ ಅದೇ ಹದ. ಶೀತಕ್ಕೆ ನಾಲಿಗೆ ಜೋಮು ಹಿಡಿದು ಸಿಹಿ ಕಡಿಮೆ ಅನ್ನಿಸುತ್ತದೆ. ಜೊತೆಗೆ ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಗೆ ಪೂರ್ತಿ ಗಡ್ಡೆಯಾಗುವುದಿಲ್ಲ, ಆದ್ದರಿಂದ ಚಮಚ ಇಳಿಯುತ್ತದೆ. ಆರೋಗ್ಯದ ಹೆಸರಲ್ಲಿ ಸಕ್ಕರೆ ಅರ್ಧ ಮಾಡುವವರು ಕೊನೆಗೆ ಸೌಟಿನಿಂದ ಕುಟ್ಟುತ್ತಾರೆ.

ಹಿಟ್ಟು ಹಾಕಿದ ಐಸ್‌ಕ್ರೀಮು ಕಳಪೆ ಎನ್ನುವ ಮಾತನ್ನು ಕೇಳಿದ್ದೇನೆ. ಇಟಲಿಯ ಸಿಸಿಲಿಯಲ್ಲಿ ಜೆಲಾಟೊಗೆ ಮೊಟ್ಟೆಯ ಬದಲು ಪಿಷ್ಟ ಹಾಕುವುದೇ ವಾಡಿಕೆ. ಅದೂ ಬಿಸಿಲಿನ ಸೀಮೆ. ಅಲ್ಲಿ ಮಾಡಿದರೆ ಸಂಪ್ರದಾಯ, ಗಂಗಾವತಿಯಲ್ಲಿ ಮಾಡಿದರೆ ಕಳಪೆ!

*

ಆನೆಗೊಂದಿ ದಾರಿಯ ಬಾಳೆ ತೋಟಗಳು. ಚೆನ್ನಾಗಿ ಮಾಗಿದ ಬಾಳೆಹಣ್ಣನ್ನು ಬಿಲ್ಲೆ ಕೊಯ್ದು ಫ್ರೀಜರಿನಲ್ಲಿ ಕಲ್ಲಾಗಿಸಿ, ಮಿಕ್ಸಿಯಲ್ಲಿ ತಡೆತಡೆದು ತಿರುವಿದರೆ ಅದು ಹಾಲಿಲ್ಲದೆ, ಕೆನೆಯಿಲ್ಲದೆ ಮೆತ್ತನೆಯ ಐಸ್‌ಕ್ರೀಮಾಗುತ್ತದೆ. ಬಾಳೆಯಲ್ಲಿ ನೀರು ಬಹಳಷ್ಟು ಹಣ್ಣುಗಳಿಗಿಂತ ಕಡಿಮೆ, ನೀರನ್ನು ಹಿಡಿಯುವ ಪೆಕ್ಟಿನ್ ಇದೆ. ಮಾಡುವುದು ಇಷ್ಟೇ. ಯಾಲಕ್ಕಿ ಬಾಳೆಯಾದರೆ ಹೊರಗಿನ ಪರಿಮಳವೂ ಬೇಡ. ಇಷ್ಟು ಸುಲಭದ್ದನ್ನು ಬಾಳೆ ಬೆಳೆಯುವ ಊರಿನಲ್ಲಿ ಒಬ್ಬರೂ ಮಾಡಿದ್ದನ್ನು ನಾನು ಕಾಣೆ.

ಹೊಳೆಯ ಆಚೆ ದಂಡೆ ಹಂಪಿ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಪೇಟೆಯ ದ್ರಾಕ್ಷಿ, ಕಿತ್ತಳೆ, ನಿಂಬೆ, ದಾಳಿಂಬೆಗಳನ್ನು ಬರೆದಿಟ್ಟಿದ್ದಾನೆ. ಹಣ್ಣಿಗೆ ಈ ಸೀಮೆಯಲ್ಲಿ ಎಂದೂ ಬರವಿರಲಿಲ್ಲ. ಇಲ್ಲದ್ದು ಶೀತ.

*

ಶೀತದ ಮಾತು ಬಂತು. ಜಾತ್ರೆಗಳಿಗೆ ಬರುವ ಮಟ್ಕಾ ಕುಲ್ಫಿಯವನ ಬಳಿ ಕರೆಂಟೂ ಇಲ್ಲ, ಯಂತ್ರವೂ ಇಲ್ಲ. ಕೆಂಪು ಬಟ್ಟೆ ಸುತ್ತಿದ ಗಡಿಗೆ, ಒಳಗೆ ಒಡೆದ ಐಸು, ಹರಳುಪ್ಪು, ಅದರ ನಡುವೆ ಮುಚ್ಚಿದ ಅಚ್ಚುಗಳು. ಆಗಾಗ ಗಡಿಗೆಯನ್ನು ಹಿಡಿದು ಅಲ್ಲಾಡಿಸುತ್ತಾನೆ. ಉಪ್ಪು ಹಾಕಿದರೆ ಐಸು ಬೇಗ ಕರಗುತ್ತದೆ. ಕರಗಿದರೆ ತಂಪು ಕಡಿಮೆಯಾಗಬೇಕಲ್ಲ? ಆಗುವುದು ತದ್ವಿರುದ್ಧ. ಐಸು ಕರಗಲು ಶಾಖ ಬೇಕು, ಆ ಶಾಖವನ್ನು ಅಚ್ಚಿನೊಳಗಿನ ಹಾಲಿನಿಂದ ಕಿತ್ತುಕೊಳ್ಳುತ್ತದೆ. ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು ಬೆರೆಸಿದರೆ ಮೈನಸ್ 20ರ ಹತ್ತಿರ ಹೋಗಬಹುದು. ಮೈನಸ್ 21ರ ಕೆಳಗೆ ಈ ಜೋಡಿ ಇಳಿಯುವುದಿಲ್ಲ. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲ್ಗೂಡು ಅಷ್ಟು ತಣ್ಣಗಾಗುವುದು ಅಪರೂಪ. ಅಂದರೆ ಗಡಿಗೆಯವನದೇ ಮೇಲುಗೈ.

ನಮ್ಮವರಿಗೆ ಇಂಥ ಲೆಕ್ಕ ಹೊಸದಲ್ಲ. ಅಕ್ಬರನ ಅಡುಗೆಮನೆಯಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಹೂಜಿ ತಿರುಗಿಸಿ ಕುಡಿಯುವ ನೀರನ್ನು ತಂಪು ಮಾಡುತ್ತಿದ್ದುದನ್ನು ಐನ್-ಎ-ಅಕ್ಬರಿ ದಾಖಲಿಸಿದೆ. ಅಮೆರಿಕದಲ್ಲಿ ನ್ಯಾನ್ಸಿ ಜಾನ್ಸನ್ ಎಂಬಾಕೆ ಕೈಹಿಡಿ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1843ರಲ್ಲಿ. ಅದರ ಹೊರಬಕೆಟ್ಟಿನಲ್ಲಿ ಇದ್ದದ್ದೂ ಐಸು ಮತ್ತು ಉಪ್ಪೇ. ಮನೆಯಲ್ಲಿ ಮಾಡುವವರು ಬಕೆಟ್ಟಿಗೆ ಗೋಣಿತಟ್ಟು ಸುತ್ತಿ, ಒಳಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಇಟ್ಟು ತಿರುಗಿಸಬಹುದು. ಮುಚ್ಚಳ ಸಡಿಲವಾದರೆ ಉಪ್ಪುನೀರು ಒಳಗೆ ಹೋಗಿ ಎಲ್ಲ ಮುಗಿಯುತ್ತದೆ, ಅಷ್ಟೇ ಎಚ್ಚರ.

*

ಕುಷ್ಟಗಿ. ದಾಳಿಂಬೆ. ದುಂಡಾಣು ಅಂಗಮಾರಿ ರೋಗ ಬಂದು ತೋಟ ಕಿತ್ತವರಿದ್ದಾರೆ, ಮತ್ತೆ ನೆಟ್ಟವರೂ ಇದ್ದಾರೆ. ಒಳ್ಳೆ ಹಣ್ಣು ಬಾಕ್ಸಿನಲ್ಲಿ ದೂರದ ಊರಿಗೆ ಹೋಗುತ್ತದೆ, ಬಿರಿದದ್ದು ಕಡಿಮೆ ದರಕ್ಕೆ ಇಲ್ಲೇ ಉಳಿಯುತ್ತದೆ. ಐಸ್‌ಕ್ರೀಮಿಗೆ ಬಿರಿದದ್ದೇ ಸಾಕು.

ಆದರೆ ರಸವನ್ನು ಹಾಲಿಗೆ ಹಾಕಿ ನೋಡಿ. ರಕ್ತದಂಥ ಕೆಂಪು ಹೋಗಿ ಮಾಸಿದ ನೇರಳೆ ಬರುತ್ತದೆ, ರಸ ಹೆಚ್ಚಾದರೆ ಹಾಲು ಒಡೆಯುತ್ತದೆ. ಹಾಗೆ ಮಾಡಿದ ಒಂದು ಮನೆಯವರು ‘ಹಣ್ಣು ಸರಿ ಇಲ್ಲ’ ಎಂದರು. ಹಣ್ಣು ಸರಿಯಾಗೇ ಇತ್ತು. ದಾಳಿಂಬೆಯ ಬಣ್ಣ ಹುಳಿಯಲ್ಲಿ ಮಾತ್ರ ಕೆಂಪು. ಹುಳಿ ಕಡಿಮೆಯಾದಂತೆ ನೀಲಿಯ ಕಡೆ ವಾಲುತ್ತದೆ. ಹಾಗಾದರೆ ಹುಳಿಯೂ ಇರಬೇಕು, ಹಾಲಿನ ಜಿಡ್ಡೂ ಇರಬೇಕು, ಆಗಲೇ ಒಡೆದಿರಲೂ ಬೇಕು. ಅಂಥ ಪದಾರ್ಥ ಯಾವುದು? ಮೊಸರು.

ಇಲ್ಲಿಗೆ ಬಂದಮೇಲೆ ನನಗೆ ನಿಜಕ್ಕೂ ಸೋಜಿಗವಾಯಿತು. ಶ್ರೀಖಂಡ ಮಾಡದ ಮನೆ ಈ ಕಡೆ ಇಲ್ಲ. ಎಮ್ಮೆ ಹಾಲಿನ ಗಟ್ಟಿ ಮೊಸರನ್ನು ತೆಳು ಹತ್ತಿಬಟ್ಟೆಯಲ್ಲಿ ಕಟ್ಟಿ ರಾತ್ರಿ ಗೂಟಕ್ಕೆ ತೂಗುಬಿಡುತ್ತಾರೆ. ಕೆಳಗಿನ ಪಾತ್ರೆಗೆ ತಿಳಿಹಸಿರು ನೀರು ಹನಿಯುತ್ತಿರುತ್ತದೆ. ಬೆಳಿಗ್ಗೆ ಗಂಟು ಬಿಚ್ಚಿದರೆ ಬಟ್ಟೆಯ ನೇಯ್ಗೆಯ ಗುರುತು ಹೊತ್ತ ಬಿಳಿ ಮುದ್ದೆ, ಬೆರಳಿಗೆ ಅಂಟದಷ್ಟು ಗಟ್ಟಿ. ಅದನ್ನು ಸಕ್ಕರೆಯ ಜೊತೆ ಜರಡಿಯಲ್ಲಿ ಒತ್ತಿ ಇಳಿಸಿದರೆ ಗಂಟೇ ಇರುವುದಿಲ್ಲ. ನೀರು ಹೋಗಿದೆ, ಜಿಡ್ಡು ಉಳಿದಿದೆ, ಸಕ್ಕರೆ ಬೇಕಾದಷ್ಟಿದೆ. ಯಂತ್ರ ಮಾಡುವ ಕೆಲಸದಲ್ಲಿ ಬಹುಪಾಲು ಗೂಟವೇ ಮಾಡಿ ಮುಗಿಸಿದೆ. ಇದಕ್ಕೆ ಸಣ್ಣ ಉರಿಯಲ್ಲಿ ಕಾಲುಪಾಲಿಗೆ ಇಳಿಸಿ ಆರಿಸಿದ ದಾಳಿಂಬೆ ರಸ ಬೆರೆಸಿದರೆ ಬಣ್ಣ ಗುಲಾಬಿಯಾಗಿ ನಿಲ್ಲುತ್ತದೆ, ಒಡೆಯುವ ಭಯವಿಲ್ಲ. ಡಬ್ಬಿಗೆ ಹಾಕಿ ಫ್ರೀಜರಿಗೆ ಇಟ್ಟು, ಮೊದಲ ಎರಡು–ಮೂರು ತಾಸು ಮುಕ್ಕಾಲು ತಾಸಿಗೊಮ್ಮೆ ಫೋರ್ಕಿನಿಂದ ಅಂಚಿನದನ್ನು ನಡುವಿಗೆ ಎಳೆದು ಕಲಕಬೇಕು. ಶ್ರೀಖಂಡವನ್ನು ಫ್ರಿಜ್ಜಿನ ಕೆಳಗೂಡಿನಲ್ಲಿ ಇಡುವ ಕೈ ಮೇಲ್ಗೂಡಿನವರೆಗೆ ಯಾಕೆ ಏರಲಿಲ್ಲ?

*

ಯಲಬುರ್ಗಾ ಸೀಮೆಯ ಮನೆಯೊಂದರ ಹಿತ್ತಲು: ತುಳಸಿ, ಪುದೀನ, ಕಾಮಕಸ್ತೂರಿ, ಗೋಡೆಗೆ ಹಬ್ಬಿದ ವೀಳ್ಯದೆಲೆ ಬಳ್ಳಿ. ತುಳಸಿ ಹಾಕಿ ಐಸ್‌ಕ್ರೀಮ್ ಮಾಡೋಣ ಎಂದ ಮಗನಿಗೆ ತಾಯಿ, “ದೇವರ ಗಿಡ ಅದು, ಮಿಕ್ಸ್ಯಾಗ ಹಾಕತಿಯೇನೋ?” ಎಂದರು. ಕಷಾಯಕ್ಕೆ ಕುದಿಸಬಹುದು, ಮಿಕ್ಸಿಗೆ ಹಾಕಬಾರದು. ಈ ನ್ಯಾಯ ನನಗೆ ಅರ್ಥವಾಗಲಿಲ್ಲ, ಆದರೆ ರುಚಿಯ ದೃಷ್ಟಿಯಿಂದ ತಾಯಿಯದೇ ಸರಿ. ತುಳಸಿಯಲ್ಲಿ ಲವಂಗದಲ್ಲಿರುವ ಯೂಜೆನಾಲ್ ಇದೆ, ರುಬ್ಬಿದರೆ ಔಷಧಿಯ ಘಾಟು. ಎಲೆಗಳನ್ನು ಕುದಿಸಲೂ ಬಾರದು, ಕಪ್ಪಾಗುತ್ತವೆ. ಕೈಯಲ್ಲಿ ಹಿಸುಕಿ ತಣ್ಣನೆಯ ಹಾಲಿನಲ್ಲಿ ರಾತ್ರಿ ನೆನೆಹಾಕಿ ಸೋಸಿದರೆ ಪರಿಮಳವಷ್ಟೇ ಇಳಿಯುತ್ತದೆ. ಹಾಲಿನ ಜಿಡ್ಡು ಅದನ್ನು ಹಿಡಿಯುತ್ತದೆ. ಪುದೀನವನ್ನು ಮಾತ್ರ ಸಕ್ಕರೆಯ ಜೊತೆ ಅರೆದು ಮೊಸರಿಗೇ ಹಾಕಬಹುದು. ಪೇರಲಹಣ್ಣಿಗೆ ಅದು ಒಳ್ಳೆಯ ಜೊತೆ, ಚಿಟಿಕೆ ಉಪ್ಪು-ಖಾರ ಬಿದ್ದರೆ ಇನ್ನೂ ಒಳ್ಳೆಯದು. ಮಾವಿಗೆ ಎಲೆ ಯಾವುದೂ ಬೇಡ ಎಂಬುದು ನನ್ನ ಮತ.

*

ಪಪ್ಪಾಯಿ: ಹಸಿಯಾಗಿ ಹಾಲಿಗೆ ಬೆರೆಸಿಟ್ಟರೆ ಕಹಿಯಾಗುತ್ತದೆ. ಅದರೊಳಗಿನ ಪಪೇನ್ ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಹಣ್ಣನ್ನು ಮೊದಲು ಬೇಯಿಸಿದರೆ ತೊಂದರೆಯಿಲ್ಲ. ತಾಜಾ ಅಂಜೂರಕ್ಕೂ, ಅನಾನಸಿಗೂ ಇದೇ ಮಾತು.

*

ಕರೆಂಟು. ಒಮ್ಮೆ ಕರಗಿ ಮತ್ತೆ ಗಡ್ಡೆಯಾದರೆ ಎಷ್ಟು ಚಂದ ಮಾಡಿದ್ದರೂ ಹರಳು ದಪ್ಪ. ಬೇಸಿಗೆಯಲ್ಲಿ ಕರೆಂಟು ಹೋದಾಗ ಜನ ಮಾಡುವ ಮೊದಲ ಕೆಲಸ ಫ್ರೀಜರ್ ಬಾಗಿಲು ತೆಗೆದು ‘ಕರಗೇತೇನು’ ಎಂದು ನೋಡುವುದು. ನೋಡಿದರೆ ಕರಗುತ್ತದೆ.

*

ಹಣ್ಣು ಬಲ್ಲವನು ಐಸ್‌ಕ್ರೀಮಿಗೆ ಕೈಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲೇ ಸಾಕ್ಷಿ ಇದೆ. ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ ಮುಂಬೈಯ ಜುಹುವಿನಲ್ಲಿ 1984ರಲ್ಲಿ ‘ನ್ಯಾಚುರಲ್ಸ್’ ಅಂಗಡಿ ತೆರೆದರು; ಸೀತಾಫಲ, ಎಳನೀರಿನ ಐಸ್‌ಕ್ರೀಮು ಮುಂಬೈಗೆ ರೂಢಿಯಾಯಿತು. 2024ರಲ್ಲಿ ಅವರು ತೀರಿಕೊಂಡರು. ಸೀತಾಫಲ ನಮ್ಮ ಗುಡ್ಡಗಳಲ್ಲೂ ಇದೆ, ದೀಪಾವಳಿಯ ಆಸುಪಾಸಿಗೆ ಬುಟ್ಟಿಯಲ್ಲಿ ಬಂದು ಮಾರಾಟವಾಗದೆ ಕಪ್ಪಾಗುತ್ತದೆ.

*

ಮಾಡುವ ಮನಸ್ಸಿರುವವರು ಈ ಮೇ ತಿಂಗಳಲ್ಲಿ ಹೀಗೆ ಮಾಡಿ. ಎರಡು ಬಟ್ಟಲು ಕೇಸರ್ ತಿರುಳನ್ನು ಒಂದು ಬಟ್ಟಲಿಗೆ ಇಳಿಯುವವರೆಗೆ ಕಾಸಿ ಪೂರ್ತಿ ಆರಿಸಿ. ಒಂದು ಲೀಟರ್ ಎಮ್ಮೆ ಹಾಲಿನ ಮೊಸರನ್ನು ರಾತ್ರಿಯಿಡೀ ಕಟ್ಟಿ ಇಳಿಸಿ. ಎರಡನ್ನೂ ಒಂದು ಬಟ್ಟಲು ಸಕ್ಕರೆ, ಚಿಟಿಕೆ ಉಪ್ಪು, ಬೇಕಿದ್ದರೆ ಏಲಕ್ಕಿಯ ಜೊತೆ ಬೆರೆಸಿ. ಸಕ್ಕರೆಯನ್ನು ಕಡಿಮೆ ಮಾಡಬೇಡಿ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಎರಡಂಗುಲಕ್ಕಿಂತ ಎತ್ತರ ತುಂಬಬೇಡಿ, ಬೇಗ ಗಡ್ಡೆಕಟ್ಟಿದಷ್ಟೂ ಹರಳು ಸಣ್ಣದು. ತಿನ್ನುವ ಹತ್ತು ನಿಮಿಷ ಮುಂಚೆ ಹೊರಗೆ ತೆಗೆದಿಡಿ. ಕೊಪ್ಪಳದ ಮೇ ತಿಂಗಳಾದರೆ ಐದು ನಿಮಿಷ ಸಾಕು.