ಮೋನೋ ಗುಂಡಿಯ ಪರವಾಗಿ

ಈಚೆಗೆ ಕೊಂಡ ಹೆಡ್‌ಫೋನ್ ಆಂಪ್ಲಿಫೈಯರ್ ಒಂದು ವಿಷಯ ಬಿಟ್ಟರೆ ನನಗೆ ಪೂರ್ತಿ ಹಿಡಿಸಿದೆ. 300 ಓಮಿನ ಹೆಡ್‌ಫೋನನ್ನು ಸಲೀಸಾಗಿ ಹಾಡಿಸುತ್ತದೆ, 32 ಓಮಿನದನ್ನು ಹಾಕಿದರೂ ಹಿನ್ನೆಲೆಯಲ್ಲಿ ಸುಯ್‌ಗುಡುವುದಿಲ್ಲ. ಬ್ಲೂಟೂತ್ ಇದೆ, ಯುಎಸ್‌ಬಿ ಇದೆ, ಮುಖದ ಮೇಲೆ ಬಣ್ಣ ಬದಲಿಸುವ ದೀಪವೂ ಇದೆ. ಮೋನೋ ಗುಂಡಿ ಮಾತ್ರ ಇಲ್ಲ. 1970ರ ದಶಕದ ಸಾಧಾರಣ ಸ್ಟೀರಿಯೋ ಆಂಪ್ಲಿಫೈಯರುಗಳಲ್ಲೂ ಆ ಸ್ವಿಚ್ಚು ಇರುತ್ತಿತ್ತು, ಪಕ್ಕದಲ್ಲೇ ಬ್ಯಾಲೆನ್ಸ್ ನಾಬ್ ಇರುತ್ತಿತ್ತು. ರೆಕಾರ್ಡ್ ಕೇಳುವವರು ಇನ್ನೂ ಬದುಕಿದ್ದಾರೆ ಎಂಬ ನೆನಪಿಲ್ಲದವರು ಮಾಡಿದ ಪೆಟ್ಟಿಗೆ ಇದು ಎಂದು ಪ್ರತಿ ರಾತ್ರಿ ಅದರ ಮುಂದೆ ಕೂತಾಗಲೂ ಅನಿಸುತ್ತದೆ.

ಟರ್ನ್‌ಟೇಬಲ್ಲಿಗೂ ಹೆಡ್‌ಫೋನ್ ಆಂಪ್ಲಿಫೈಯರಿಗೂ ನಡುವೆ ಫೋನೋ ಸ್ಟೇಜ್ ಬೇಕೆಂಬುದು ಈ ಹವ್ಯಾಸದವರಿಗೆಲ್ಲ ಗೊತ್ತು. ಗೊತ್ತಿದ್ದೂ ಕೆಲವರು ನೇರವಾಗಿ ಜೋಡಿಸಿ, ವಾಲ್ಯೂಮನ್ನು ಕೊನೆಯ ತನಕ ತಿರುಗಿಸಿ, ರೆಕಾರ್ಡಿನ ದನಿ ತೆಳು ಎಂದು ತೀರ್ಪು ಕೊಡುತ್ತಾರೆ. ತೆಳುವಾಗದೆ ಇನ್ನೇನಾದೀತು? ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್, ಆಂಪ್ಲಿಫೈಯರ್ ನಿರೀಕ್ಷಿಸುವುದು ಅದರ ಸುಮಾರು ನೂರು ಪಟ್ಟು. ಅದಕ್ಕೂ ಮಿಗಿಲಾಗಿ, 1954ರ ಹೊತ್ತಿಗೆ ಒಪ್ಪಿತವಾದ ಆರ್‌ಐಎಎ ಪದ್ಧತಿಯಂತೆ ರೆಕಾರ್ಡ್ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿರುತ್ತಾರೆ. ಎರಡು ತುದಿಗಳಲ್ಲೂ ವ್ಯತ್ಯಾಸ 20 ಡೆಸಿಬೆಲ್ಲಿನಷ್ಟು. ತಗ್ಗಿಸಿದ್ದನ್ನು ಎತ್ತಿ, ಎತ್ತಿದ್ದನ್ನು ತಗ್ಗಿಸುವುದು ಫೋನೋ ಸ್ಟೇಜಿನ ಕೆಲಸ. ಅದನ್ನು ಮಾಡದೆ ಬರಿಯ ಗಟ್ಟಿ ಮಾಡಿದರೆ ಮೃದಂಗ ಮಾಯವಾಗಿ ಉಸಿರಿನ ಸದ್ದಷ್ಟೇ ಉಳಿಯುತ್ತದೆ.

ಇಲ್ಲಿ ನಮ್ಮ ಹಿರಿಯರ ಪರವಾಗಿ ಒಂದು ಮಾತು ಹೇಳಬೇಕು. ತಮ್ಮ ಕಾಲದಲ್ಲಿ ಈ ಫೋನೋ ಸ್ಟೇಜೆಂಬುದೇ ಇರಲಿಲ್ಲ, ರೇಡಿಯೋದ ಹಿಂದೆ ಪಿನ್ ಚುಚ್ಚಿದರೆ ಹಾಡುತ್ತಿತ್ತು ಎಂದು ಅವರು ಹೇಳುತ್ತಾರೆ. ಅದು ನಿಜ. ಆಗ ಮನೆಮನೆಯ ಪ್ಲೇಯರುಗಳಲ್ಲಿದ್ದದ್ದು ಕ್ರಿಸ್ಟಲ್ ಅಥವಾ ಸೆರಾಮಿಕ್ ಕಾರ್ಟ್ರಿಜ್. ಅದು ನೂರಾರು ಮಿಲಿವೋಲ್ಟ್ ಕೊಡುತ್ತದೆ. ಮುಳ್ಳು ಎಷ್ಟು ವೇಗವಾಗಿ ಅಲುಗಿತು ಎನ್ನುವುದಕ್ಕಿಂತ ಎಷ್ಟು ದೂರ ಅಲುಗಿತು ಎಂಬುದನ್ನು ಅದು ಅಳೆಯುವುದರಿಂದ ಮಂದ್ರ ತಾರಗಳ ಲೆಕ್ಕವೂ ಹೆಚ್ಚುಕಡಿಮೆ ತಾನಾಗಿಯೇ ಸರಿಹೋಗುತ್ತದೆ. ಹಳಬರ ಮಾತನ್ನು ಕೇಳಿ ನಗುವ ಹೊಸಬರಿಗೆ ಈ ಸಂಗತಿ ಗೊತ್ತಿರುವುದಿಲ್ಲ.

ಅರ್ಥ್ ವೈರು, ಚಿಕ್ಕ ಕೇಬಲ್ಲು, ಟ್ರಾನ್ಸ್‌ಫಾರ್ಮರಿನಿಂದ ದೂರ ಇವೆಲ್ಲ ಎಲ್ಲರೂ ಹೇಳುವಂಥವೇ. ಹೆಡ್‌ಫೋನಿನಲ್ಲಿ 50 ಹರ್ಟ್ಸಿನ ಗುಂಯ್‌ಗಾರ ಅಡಗುವುದಕ್ಕೆ ಜಾಗವಿಲ್ಲ, ಅಷ್ಟು ನೆನಪಿದ್ದರೆ ಸಾಕು.

ನನಗೆ ಹೇಳಬೇಕಾಗಿರುವುದು ಮೋನೋ ಗುಂಡಿಯ ವಿಷಯ. ಮೋನೋ ರೆಕಾರ್ಡಿನ ಗ್ರೂವ್ ಅಕ್ಕಪಕ್ಕಕ್ಕಷ್ಟೇ ಅಲುಗುತ್ತದೆ. ಸಂಗೀತವೆಲ್ಲ ಆ ಅಡ್ಡ ಚಲನೆಯಲ್ಲೇ ಇದೆ. ಸ್ಟೀರಿಯೋ ಕಾರ್ಟ್ರಿಜ್ ಮಾತ್ರ ಮೇಲೆ ಕೆಳಗಿನ ಚಲನೆಯನ್ನೂ ಓದುತ್ತದೆ, ಓದಿ ಎರಡು ಕಿವಿಗಳಿಗೆ ಒಂದಕ್ಕೊಂದು ವಿರುದ್ಧವಾಗಿ ಕಳಿಸುತ್ತದೆ. ಮೋನೋ ರೆಕಾರ್ಡಿನಲ್ಲಿ ಹಾಗೆ ಮೇಲೆ ಕೆಳಗೆ ಓಡಾಡುವುದೆಲ್ಲ ಕಸ: ಧೂಳು, ಮೋಟಾರಿನ ಗುಡುಗುಡು, ತಟ್ಟೆಯ ಸೊಟ್ಟ. ಇನ್ನೊಂದು ಸೂಕ್ಷ್ಮವೂ ಇದೆ. ಕೊರೆಯುವ ಉಳಿಯ ಮೊನೆ ಚಪ್ಪಟೆ, ಓದುವ ಮುಳ್ಳಿನ ಮೊನೆ ದುಂಡು. ಗ್ರೂವ್ ಓರೆಯಾಗಿ ಸಾಗುವಲ್ಲೆಲ್ಲ ಅದರ ಅಗಲ ಕಿರಿದಾಗುತ್ತದೆ, ದುಂಡು ಮುಳ್ಳು ಅಲ್ಲಿ ತುಸು ಮೇಲೆದ್ದು ಇಳಿಯುತ್ತದೆ. ಪ್ರತಿ ಕಂಪನಕ್ಕೂ ಎರಡು ಸಲ ಹೀಗಾಗುವುದರಿಂದ ಗಾಯಕರು ಹಾಡದೇ ಇದ್ದ ಮೇಲಿನ ಸ್ಥಾಯಿಯ ಸ್ವರವೊಂದು ದನಿಗೆ ಅಂಟಿಕೊಳ್ಳುತ್ತದೆ. ಗಟ್ಟಿ ತಾನುಗಳಲ್ಲಿ ಕೇಳಿಬರುವ ಆ ಒರಟುತನಕ್ಕೆ ಎಷ್ಟೋ ಸಲ ಇದೇ ಕಾರಣ. ಮೋನೋ ಗುಂಡಿಯಿಂದ ಎಡಬಲಗಳನ್ನು ಕೂಡಿಸಿಬಿಟ್ಟರೆ ಮೇಲೆ ಕೆಳಗಿನದೆಲ್ಲ ಒಂದನ್ನೊಂದು ಹೊಡೆದುಹಾಕುತ್ತದೆ. ಅಡ್ಡ ಚಲನೆ, ಎಂದರೆ ಹಾಡು, ಹಾಗೇ ಉಳಿಯುತ್ತದೆ.

ಸ್ಪೀಕರಿನಲ್ಲಿ ಇದರ ಗುಣ ಅಷ್ಟಾಗಿ ಗೊತ್ತಾಗುವುದಿಲ್ಲ, ಕೋಣೆಯ ಗಾಳಿಯಲ್ಲೇ ಎಡಬಲಗಳು ಬೆರೆತುಹೋಗುತ್ತವೆ. ಹೆಡ್‌ಫೋನಿನಲ್ಲಿ ಹಾಗಲ್ಲ. ಗಾಯಕರು ನೆತ್ತಿಯ ನಡುವೆ ನಿಂತಿರುತ್ತಾರೆ, ಕರಕರ ಸದ್ದು ಎರಡು ಕಿವಿಗಳ ಸುತ್ತ ಹುರಿಗಡಲೆ ಹುರಿದಂತೆ ಸಿಡಿಯುತ್ತಿರುತ್ತದೆ. ಕೂಡಿಸಿದ ಮೇಲೆ ಸಿಡಿತವೂ ನಡುವಿಗೆ ಬರುತ್ತದೆ ನಿಜ, ಆದರೆ ಕುಗ್ಗಿ ಬರುತ್ತದೆ, ಕಿವಿಯ ಅಕ್ಕಪಕ್ಕ ಖಾಲಿಯಾಗುತ್ತದೆ. ಆ ಖಾಲಿ ಜಾಗದಲ್ಲಿ ತಂಬೂರಿ ಎದ್ದು ಕೇಳುತ್ತದೆ.

ಆಂಪ್ಲಿಫೈಯರ್ ಮಾಡುವವರು ಕೊಡದಿದ್ದರೆ ನಾವೇ ಮಾಡಿಕೊಳ್ಳಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎರಡು ಪೋಲ್, ನಾಲ್ಕು ಸ್ಥಾನದ ರೋಟರಿ ಸ್ವಿಚ್ಚು ಸಿಗುತ್ತದೆ. ಜತೆಗೆ 10 ಕಿಲೋಓಮಿನ ಎರಡು ರೆಸಿಸ್ಟರು, ನಾಲ್ಕು ಆರ್‌ಸಿಎ ಸಾಕೆಟ್ಟು, ತಗಡಿನ ಒಂದು ಡಬ್ಬಿ. ಡಬ್ಬಿ ಇರಬೇಕಾದದ್ದು ಫೋನೋ ಸ್ಟೇಜಿನ ನಂತರ, ಆಂಪ್ಲಿಫೈಯರಿಗಿಂತ ಮುಂಚೆ. ಮಿಲಿವೋಲ್ಟಿನ ಹಾದಿಯಲ್ಲಿ ಬೆಸುಗೆಗಳನ್ನು ಹೆಚ್ಚಿಸಿದರೆ ಗುಂಯ್‌ಗಾರವನ್ನು ಕರೆದು ಕೂರಿಸಿದ ಹಾಗೆ. ರೆಸಿಸ್ಟರಿಲ್ಲದೆ ಎಡಬಲ ತಂತಿಗಳನ್ನು ಹಾಗೇ ಸೇರಿಸುವವರಿದ್ದಾರೆ. ಆಗ ಫೋನೋ ಸ್ಟೇಜಿನ ಎರಡು ಔಟ್‌ಪುಟ್‌ಗಳು ಒಂದರ ಮೇಲೊಂದು ತಳ್ಳಾಡುತ್ತವೆ. ಖರ್ಚು ಉಳಿಯುವುದು ಪುಡಿಗಾಸು, ಕೆಡುವುದು ದನಿ.

ನಾಲ್ಕು ಸ್ಥಾನ ಏಕೆಂದರೆ, ಒಂದು ಸ್ಟೀರಿಯೋ, ಒಂದು ಕೂಡಿಸಿದ ಮೋನೋ, ಉಳಿದೆರಡು ನನ್ನ ಅತ್ಯಂತ ಪ್ರೀತಿಯವು: ಎಡದ್ದನ್ನೇ ಎರಡು ಕಿವಿಗೂ, ಬಲದ್ದನ್ನೇ ಎರಡು ಕಿವಿಗೂ ಕೊಡುವಂಥವು. ಸ್ಟೀರಿಯೋ ಕಾರ್ಟ್ರಿಜ್ ಗ್ರೂವಿನ ಒಳಗೋಡೆಯಿಂದ ಎಡವನ್ನೂ ಹೊರಗೋಡೆಯಿಂದ ಬಲವನ್ನೂ ಓದುತ್ತದೆ. ಮೋನೋ ರೆಕಾರ್ಡಿನ ಎರಡು ಗೋಡೆಯಲ್ಲೂ ಅದೇ ಹಾಡು ಇರುತ್ತದೆ. ಆದರೆ ಎರಡೂ ಸಮನಾಗಿ ಸವೆದಿರುವುದಿಲ್ಲ. ಬಾಗಿದ ತೋಳು ಮುಳ್ಳನ್ನು ಒಳಕ್ಕೆ ಎಳೆಯುವುದರಿಂದ ಎಷ್ಟೋ ರೆಕಾರ್ಡುಗಳಲ್ಲಿ ಒಳಗೋಡೆಗೇ ಪೆಟ್ಟು ಹೆಚ್ಚು. ಕೀ ಕೊಡುವ ಗ್ರಾಮಫೋನಿನಲ್ಲಿ ಉಕ್ಕಿನ ಮುಳ್ಳು 100 ಗ್ರಾಮಿಗೂ ಮೀರಿದ ಭಾರದಿಂದ ಉತ್ತ 78ರ ತಟ್ಟೆಗಳಲ್ಲಂತೂ ಒಂದು ಗೋಡೆ ಪೂರ್ತಿ ಹಾಳಾಗಿ ಇನ್ನೊಂದು ಬಹುಮಟ್ಟಿಗೆ ಉಳಿದಿರುವುದುಂಟು. ಕಣ್ಣಿಗೆ ಅದು ಕಾಣುವುದಿಲ್ಲ, ಹೆಡ್‌ಫೋನ್ ಹಾಕಿ ಸ್ವಿಚ್ಚು ತಿರುಗಿಸಿದರೆ ತಕ್ಷಣ ಕೇಳುತ್ತದೆ. ಎಡದಲ್ಲಿ ಕರ್ಕಶ, ಬಲದಲ್ಲಿ ಮನುಷ್ಯರು. ಆಗ ಕೂಡಿಸುವುದೂ ತಪ್ಪು. ಚೆನ್ನಾಗಿರುವ ಗೋಡೆಯನ್ನು ಮಾತ್ರ ಕೇಳಬೇಕು.

ಫ್ರೆಂಚರ ಪಾಥೇ ಕಂಪನಿಯ ಹಳೆಯ ತಟ್ಟೆಗಳಿಗೆ ಮಾತ್ರ ಕೂಡಿಸುವ ಉಪಾಯ ನಡೆಯದು. ಅವುಗಳ ಹಾಡೆಲ್ಲ ಮೇಲೆ ಕೆಳಗಿನ ಚಲನೆಯಲ್ಲೇ ಇರುವುದರಿಂದ ಕೂಡಿಸಿದರೆ ಹಾಡೇ ಅಳಿಸಿಹೋಗುತ್ತದೆ.

ಇದೆಲ್ಲ ರೆಕಾರ್ಡನ್ನು ತಿದ್ದಿದಂತೆ, ಇದ್ದದ್ದನ್ನು ಇದ್ದಂತೆ ಕೇಳಬೇಕು ಎನ್ನುವ ಒಂದು ಪಂಗಡವಿದೆ. ಅವರ ಜತೆ ನನಗೆ ತಾಳ್ಮೆ ಉಳಿದಿಲ್ಲ. ಇಸಿಎಲ್‌ಪಿ ಎಂದು ಲೇಬಲ್ಲಿನ ಮೇಲೆ ಅಚ್ಚಾದ ಎಚ್‌ಎಂವಿ ರೆಕಾರ್ಡ್ ಮೋನೋ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೋ. ಅಚ್ಚು ಹಾಕಿದವರೇ ಬರೆದಿಟ್ಟಿದ್ದಾರೆ. ಮೋನೋವನ್ನು ಎರಡು ಕಿವಿಗೆ ಬೇರೆಬೇರೆ ಕಸದ ಸಮೇತ ಕೇಳುವುದು ಯಾವ ಪ್ರಾಮಾಣಿಕತೆ? ಇದಕ್ಕಿಂತ ದೊಡ್ಡ ಅನ್ಯಾಯ ಹಳೆಯ ಮೋನೋವನ್ನು ಯಂತ್ರದಿಂದ ಸೀಳಿ, ಮಂದ್ರವನ್ನು ಒಂದು ಕಡೆಗೆ, ತಾರವನ್ನು ಇನ್ನೊಂದು ಕಡೆಗೆ ತಳ್ಳಿ ಸ್ಟೀರಿಯೋ ಎಂದು ಮಾರಿದ್ದು. ಅಂಥದ್ದನ್ನು ಹೆಡ್‌ಫೋನಿನಲ್ಲಿ ಐದು ನಿಮಿಷ ಕೇಳಿದರೆ ತಲೆ ಒಂದು ಕಡೆಗೆ ವಾಲಿದಂತಾಗುತ್ತದೆ. ಈಗಿನವರದ್ದು ಇನ್ನೊಂದು ಬಗೆ. ಕಂಪ್ಯೂಟರಿನಲ್ಲಿ ಸುಯ್ ಸದ್ದನ್ನೆಲ್ಲ ತೆಗೆಯುತ್ತೇವೆಂದು ಹೊರಟು, ಅದರ ಜತೆ ತಂಬೂರಿಯ ಜೀವಾಳದ ಝೇಂಕಾರವನ್ನೂ ಒರೆಸಿಬಿಡುತ್ತಾರೆ. ಕುದುರೆಗೂ ತಂತಿಗೂ ನಡುವೆ ಸಿಕ್ಕಿಸಿದ ಆ ನೂಲಿನ ಎಳೆಯಿಂದಲೇ ಶ್ರುತಿ ಅರಳುವುದು. ಅದನ್ನು ಕಸವೆಂದು ತಿಳಿಯುವ ಕಿವಿಗೆ ಹಿಂದೂಸ್ತಾನಿಯ ಹಳೆಯ ರೆಕಾರ್ಡುಗಳನ್ನು ಒಪ್ಪಿಸಬಾರದಿತ್ತು.

ಹೆಡ್‌ಫೋನನ್ನೇ ಒಪ್ಪದವರೂ ಇದ್ದಾರೆ. ಮೈಸೂರಿನಲ್ಲಿ ನಾನು ಗೌರವಿಸುವ ಹಿರಿಯ ಸಂಗ್ರಾಹಕರೊಬ್ಬರು ನನ್ನ ಡಬ್ಬಿ, ಹೆಡ್‌ಫೋನುಗಳನ್ನು ನೋಡಿ ಮುಖ ಸಿಂಡರಿಸಿದರು.

“ಏನ್ರೀ ಇದು, ಗೌಹರ್ ಜಾನ್ ಅವರನ್ನ ಕಿವಿಗೆ ಕಟ್ಕೊಂಡು ಕೇಳ್ತೀರಾ? ಅವರು ಹಾಡಿದ್ದು ಸಭೇಲಿ.”

“ಈ ತಟ್ಟೆಗೆ ಹಾಡಿದ್ದು ಸಭೇಲಲ್ಲ ಸಾರ್, ತಗಡಿನ ಕಹಳೆ ಬಾಯಿಗೆ” ಎಂದೆ.

ಅದು ಹಾಗೆಯೇ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಾಗ ಮೈಕ್ರೋಫೋನಿನ ಮುದ್ರಣವೇ ಇರಲಿಲ್ಲ. ಅದು ಬಂದದ್ದು 1925ರ ಹೊತ್ತಿಗೆ. ಕಹಳೆಗೆ ಮುಖವಿಟ್ಟು ಹಾಡಬೇಕು, ಮೂರೇ ನಿಮಿಷದಲ್ಲಿ ರಾಗದ ಮುಖ ತೋರಿಸಿ ಮುಗಿಸಬೇಕು, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳಬೇಕು. ತಟ್ಟೆ ಅಚ್ಚಾಗುತ್ತಿದ್ದ ಜರ್ಮನಿಯ ಹ್ಯಾನೋವರಿನಲ್ಲಿ ಯಾರ ಹಾಡು ಯಾವುದೆಂದು ತಿಳಿಯಲಿ ಎಂದು ಆ ಕೂಗು. ಅಷ್ಟು ಹತ್ತಿರದಿಂದ ಒಂದೇ ಒಂದು ಬಾಯಿಗೆ ಹಾಡಿದ್ದನ್ನು ಅಷ್ಟೇ ಹತ್ತಿರದಿಂದ ಕೇಳುವುದು ನನಗೆ ಸರಿಯೆನಿಸುತ್ತದೆ. ಈ ಮಾತನ್ನು ಮೈಸೂರಿನಲ್ಲಿ ಕೂತು ಆಡುವುದಕ್ಕೆ ಬೇರೆಯದೇ ತೂಕವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಗೌಹರ್ ಜಾನ್ 1930ರ ಜನವರಿಯಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ.

ಹಿರಿಯರು ಕಡೆಗೆ ಹೆಡ್‌ಫೋನ್ ಹಾಕಿಕೊಂಡರು. 78ರ ತಟ್ಟೆಗೆಂದೇ ಇರುವ, ಎಲ್‌ಪಿಯದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ದಪ್ಪ ಮೊನೆಯ ಮುಳ್ಳನ್ನು ಇಳಿಸಿ ಸ್ವಿಚ್ಚನ್ನು ಬಲಕ್ಕೆ ತಿರುಗಿಸಿದೆ. ಕೈಯಲ್ಲಿ ತಾಳ ಹಾಕುತ್ತ ಕೇಳಿದರು, ಆಕ್ಷೇಪ ಬರಲಿಲ್ಲ. ಬಂದದ್ದು ಬೇರೆ ತಕರಾರು. ಸ್ವರ ತುಸು ಏರಿದೆ, ನಿಮ್ಮ ಯಂತ್ರ ಜೋರಾಗಿ ಓಡುತ್ತಿದೆ ಎಂದರು. ನನ್ನ ಯಂತ್ರ ಸರಿಯಾಗಿಯೇ ಓಡುತ್ತಿತ್ತು, 50 ಹರ್ಟ್ಸಿನ ನಾಡಿನಲ್ಲಿ 78 ಎಂದರೆ ಲೆಕ್ಕಕ್ಕೆ 77.92. ಆದರೆ ಆ ಕಾಲದ ತಟ್ಟೆಗಳೆಲ್ಲ 78ರಲ್ಲೇ ಮುದ್ರಿತವಾದವಲ್ಲ, ಕೆಲವು ಅದಕ್ಕಿಂತ ನಿಧಾನ. ವೇಗದ ನಾಬನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಹೋದೆ. 76ರ ಹತ್ತಿರ ಅವರು ಸಾಕು ಎಂದು ಕೈ ಎತ್ತಿದರು, ನನಗೆ ಇನ್ನೂ ಕೊಂಚ ಇಳಿಯಬೇಕು ಎನಿಸಿತು. ಪಕ್ಕವಾದ್ಯದ ಹಾರ್ಮೋನಿಯಂ ಯಾವ ಕಟ್ಟೆಯದು ಎಂದು ಗೊತ್ತಾದರೆ ಶ್ರುತಿ ಇತ್ಯರ್ಥವಾದೀತೆಂದು ಅವರ ವಾದ. ಆ ಹಾರ್ಮೋನಿಯಮ್ಮೇ ಶ್ರುತಿಯಲ್ಲಿತ್ತೆಂದು ಯಾರು ಹೇಳಬೇಕು ಎಂದು ನನ್ನದು.