ತಕ್ಕಡಿಗೊಂದು ಶಾಲು

ನವೆಂಬರ್ ತಿಂಗಳು ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂಥ ಊರುಗಳಲ್ಲಿ ಶಾಲಿಗೆ ಗಿರಾಕಿ ಹೆಚ್ಚುತ್ತದೆ. ಚಳಿ ಅದಕ್ಕೆ ಕಾರಣವಲ್ಲ. ರಾಜ್ಯೋತ್ಸವದ ನೆವದಲ್ಲಿ ಸಂಘಕ್ಕೊಂದು ಸಭೆ, ಸಭೆಗೊಂದು ಸನ್ಮಾನ ಏರ್ಪಡುವ ಕಾಲವದು. ವೇದಿಕೆಯ ಮೇಲೆ ನಿವೃತ್ತ ಉಪಾಧ್ಯಾಯರು, ಹರಿಕಥಾ ವಿದ್ವಾಂಸರು, ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳು, ಬೇರೆ ಊರಿಗೆ ವರ್ಗವಾಗಿರುವ ಅಧಿಕಾರಿಗಳು ಸಾಲಾಗಿ ಕುಳಿತಿರುತ್ತಾರೆ. ಪೇಟ, ಹಾರ, ಫಲತಾಂಬೂಲ, ಕಟ್ಟು ಹಾಕಿದ ಮಾನಪತ್ರ ಯಾವುದಕ್ಕೂ ಕೊರತೆಯಿಲ್ಲ. ಅದೇ ವೇಳೆಯಲ್ಲಿ, ಶಾಮಿಯಾನದಿಂದ ಇಪ್ಪತ್ತು ಮಾರು ದೂರದಲ್ಲಿ, ಆ ಶಾಲನ್ನೂ ಆ ಹಣ್ಣನ್ನೂ ಮಾರಿದವರು ಗಿರಾಕಿಗಳ ನಡುವೆ ನಿಂತು ಬೆವರೊರಸಿಕೊಳ್ಳುತ್ತಿರುತ್ತಾರೆ. ಅವರ ಹೆಸರು ಕರಪತ್ರದ ತಳಭಾಗದಲ್ಲಿ, ಚಂದಾ ಕೊಟ್ಟವರ ಪಟ್ಟಿಯಲ್ಲಿ, ಸಣ್ಣ ಅಕ್ಷರದಲ್ಲಿ ಇದ್ದರೂ ಇರಬಹುದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಬೇರೆ ಟೀಕೆ ಬೇಕಾಗಿಲ್ಲ.

ವ್ಯಾಪಾರ ಮಾಡಿದವನು ಲಾಭ ಪಡೆದಿದ್ದಾನೆ. ಅದರ ಮೇಲೆ ಸನ್ಮಾನವೂ ಏಕೆ ಎಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ ಸರಿ. ಆದರೆ ಉಪಾಧ್ಯಾಯರೂ ಸಂಬಳ ಪಡೆದೇ ಪಾಠ ಹೇಳಿದವರು. ವಿದ್ವಾಂಸರೂ ಸಂಭಾವನೆ ಪಡೆದೇ ಕಥೆ ಮಾಡಿದವರು. ಪಡೆದ ಹಣಕ್ಕೆ ಮೀರಿದ ಏನೋ ಒಂದು ಅವರ ಕೆಲಸದಲ್ಲಿ ಇದ್ದಿತೆಂದೇ ಊರು ಅವರನ್ನು ನೆನೆಯುತ್ತದೆ. ಅಂಥದೇನಾದರೂ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಇರಬಹುದೆಂದು ಹುಡುಕುವ ಅಭ್ಯಾಸ ಮಾತ್ರ ತಪ್ಪಿಹೋಗಿದೆ.

ಹಿಂದಿನ ಕಾಲಕ್ಕೆ ಆ ಅಭ್ಯಾಸವಿದ್ದಿತು. ಕನ್ನಡನಾಡಿನ ಶಾಸನಗಳಲ್ಲಿ ಅರಸರಷ್ಟೇ ಗಂಭೀರವಾಗಿ ವರ್ತಕರೂ ಕಾಣಿಸಿಕೊಳ್ಳುತ್ತಾರೆ. ಐಹೊಳೆಯನ್ನು ಮೂಲವೆಂದು ಹೇಳಿಕೊಂಡ ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಮೂಹದ ಪ್ರಶಸ್ತಿಗಳನ್ನು ಓದಿದರೆ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಅಲ್ಲಿ ಹೊಗಳಿಕೆ ಮೊದಲಾಗುವುದು ಅವರ ಸತ್ಯ, ಶುಚಿತ್ವ, ನಡತೆ, ವಿನಯಗಳಿಂದ. ಊರಿನ ಹಿರಿಯ ವ್ಯಾಪಾರಿಗೆ ‘ಪಟ್ಟಣಸ್ವಾಮಿ’ ಎಂಬ ಬಿರುದೇ ಇದ್ದಿತು. ಹುಂಚದಲ್ಲಿ 1062ರಲ್ಲಿ ಬಸದಿ ಕಟ್ಟಿಸಿದ ನೊಕ್ಕಯ್ಯ ಸೆಟ್ಟಿ ಅಂಥ ಪಟ್ಟಣಸ್ವಾಮಿ. ಹೇರಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು ಎಂದು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ದೇವಾಲಯದ ನಂದಾದೀವಿಗೆಗೆ ಎಣ್ಣೆ ಒದಗಿಸಿದ ವರ್ತಕರ ಮಾತು ಎಷ್ಟೋ ಕಲ್ಲುಗಳ ಮೇಲಿದೆ. ಬಿರುದು ಬಂದವನಿಗೆ ಹೊಣೆಯೂ ಬಂದಿತೆಂಬುದು ಆ ಕಾಲದ ತಿಳಿವಳಿಕೆ.

ಕಾಲ ಕಳೆದಂತೆ ಈ ತಿಳಿವಳಿಕೆ ಅರ್ಧಕ್ಕೆ ಇಳಿಯಿತು. ತುಮಕೂರು ಜಿಲ್ಲೆಯವರು ಅಭಿಮಾನದಿಂದ ಹೇಳಿಕೊಳ್ಳುವ ಹೆಸರು ಗುಬ್ಬಿ ತೋಟದಪ್ಪನವರದು. 1838ರಿಂದ 1910ರವರೆಗೆ ಬಾಳಿದ ಈ ವರ್ತಕರು ಬೆಂಗಳೂರಿನಲ್ಲಿ ವ್ಯಾಪಾರದಿಂದ ಗಳಿಸಿದ್ದನ್ನು ಧರ್ಮಕ್ಕೆ ಮುಡಿಪಿಟ್ಟು, ರೈಲು ನಿಲ್ದಾಣದ ಬಳಿ ಪ್ರಯಾಣಿಕರಿಗೆ ಛತ್ರವನ್ನೂ ವಿದ್ಯಾರ್ಥಿಗಳಿಗೆ ನಿಲಯವನ್ನೂ ಏರ್ಪಡಿಸಿದರು. ಮೈಸೂರಿನ ಮಹಾರಾಜರು ‘ಧರ್ಮಪ್ರವರ್ತ’ ಎಂದು ಗೌರವಿಸಿದರು. ಬ್ರಿಟಿಷ್ ಸರ್ಕಾರ ‘ರಾವ್ ಬಹದ್ದೂರ್’ ಎಂದಿತು. ಬೆಂಗಳೂರಿನ ರಸ್ತೆಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಈ ಗೌರವಗಳಿಗೆ ಅವರು ಪೂರ್ಣವಾಗಿ ಅರ್ಹರು. ಆದರೆ ಬಿರುದುಗಳು ನೋಡಿದುದು ಕೊಟ್ಟ ಕೈಯನ್ನು, ತೂಗಿದ ಕೈಯನ್ನಲ್ಲ. ಛತ್ರ ಕಟ್ಟಿಸುವಷ್ಟು ಉಳಿಯದ, ಉಳಿಯಲೆಂದು ಹೆಚ್ಚು ಬೆಲೆ ಹೇಳಲೊಪ್ಪದ ಸಣ್ಣ ವ್ಯಾಪಾರಿಗೆ ಈ ಲೆಕ್ಕದಲ್ಲಿ ಎಂದಿಗೂ ಸರದಿ ಬರುವುದಿಲ್ಲ.

ಗುರುತಿಸುವಿಕೆಗೆ ಇನ್ನೊಂದು ಮುಖವೂ ಉಂಟು. ಅದನ್ನು ಶಿರಾದ ಚರಿತ್ರೆ ಹೇಳುತ್ತದೆ. 1687ರಲ್ಲಿ ಮೊಗಲರ ಕೈಸೇರಿ ಒಂದು ಸುಬಾದ ರಾಜಧಾನಿಯಾದ ಈ ಊರು, 18ನೆಯ ಶತಮಾನದಲ್ಲಿ ದಿಲಾವರ್ ಖಾನನ ಆಳಿಕೆಯ ಕಾಲಕ್ಕೆ ಐವತ್ತು ಸಾವಿರ ಮನೆಗಳ ನಗರವಾಗಿದ್ದಿತೆಂದು ಪ್ರತೀತಿ. ಅಲ್ಲಿನ ಖಾನ್ ಬಾಗ್ ತೋಟವೇ ಬೆಂಗಳೂರಿನ ಲಾಲ್‌ಬಾಗಿಗೆ ಮಾದರಿಯೆನ್ನುತ್ತಾರೆ. ಮುಂದೆ ಟೀಪು ಸುಲ್ತಾನನಿಗೆ ಶ್ರೀರಂಗಪಟ್ಟಣದ ಪಕ್ಕದಲ್ಲಿ ಗಂಜಾಮೆಂಬ ಉಪನಗರವನ್ನು ತುಂಬಲು ಜನ ಬೇಕಾದರು. ಎಂಥ ಜನ ಎಲ್ಲಿದ್ದಾರೆಂಬುದು ಅವನಿಗೆ ಗೊತ್ತಿದ್ದಿತು. ಹನ್ನೆರಡು ಸಾವಿರ ಕುಟುಂಬಗಳನ್ನು ಶಿರಾದಿಂದ ಬಲವಂತವಾಗಿ ಅಲ್ಲಿಗೆ ಸಾಗಿಸಲಾಯಿತು. ಒಂದು ಊರಿನ ಜನರಿಗೆ ಇದಕ್ಕಿಂತ ದೊಡ್ಡ ಮನ್ನಣೆಯೂ, ಆ ಊರಿಗೆ ಇದಕ್ಕಿಂತ ದೊಡ್ಡ ಪೆಟ್ಟೂ ಬೇರೊಂದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ರಾಜಧಾನಿ ಮೈಸೂರಿಗೆ ಹೋದ ಮೇಲೆ ಗಂಜಾಮೂ ಬಡವಾಯಿತು. ಶಿರಾ ಮತ್ತೆ ಹಿಂದಿನಂತಾಗಲಿಲ್ಲ. ಮರವನ್ನು ಕಿತ್ತು ನೆಟ್ಟವನು ಎರಡು ಕಡೆಯ ನೆರಳನ್ನೂ ಕಳೆದಂತಾಯಿತು.

ಬಲವಂತದಿಂದ ಆದ ನಷ್ಟ ಚರಿತ್ರೆಯಲ್ಲಿ ದಾಖಲಾಗುತ್ತದೆ. ಉದಾಸೀನದಿಂದ ಆದ ನಷ್ಟಕ್ಕೆ ಇಸವಿಯೂ ಇರುವುದಿಲ್ಲ. ಈಗ ಕೊರಟಗೆರೆ ತಾಲ್ಲೂಕಿಗೆ ಸೇರಿದ ಚೆನ್ನರಾಯನದುರ್ಗದ ಸೀಮೆಯಲ್ಲಿ 1800ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಬೆಟ್ಟದ ತೊರೆಗಳು ಹೊತ್ತು ತರುವ ಕರಿಯ ಮರಳಿನಿಂದ ಕಬ್ಬಿಣ ತೆಗೆಯುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ, ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದರು. ಹಡಗುಗಳಲ್ಲಿ ಬಂದಿಳಿದ ಅಗ್ಗದ ಪರದೇಶದ ಕಬ್ಬಿಣದ ಮುಂದೆ 19ನೆಯ ಶತಮಾನದಲ್ಲಿ ನಾಡಿನ ಇಂಥ ಕುಲುಮೆಗಳೆಲ್ಲ ಆರಿದುವು. ಶಿರಾ ಸೀಮೆಯ ಕುರಿಯ ಉಣ್ಣೆಯ ಕಂಬಳಿಯ ಕಥೆಯೂ ಇದರ ತಂಗಿಯಂತಿದೆ. ಮದುವೆಯ ಹಸೆಗೂ ದೇವರ ಗದ್ದಿಗೆಗೂ ಕಂಬಳಿಯೇ ಆಗಬೇಕು; ಮೈಮೇಲೆ ಹೊದೆಯಲು ಮಾತ್ರ ಗಿರಣಿಯ ರಗ್ಗು ಸಾಕು! ಪೂಜೆಗೆ ಬೇಕಾದುದನ್ನು ವರ್ಷಕ್ಕೊಮ್ಮೆ ಕೊಂಡರೆ ನೇಯುವವನ ಒಲೆ ದಿನದಿನವೂ ಉರಿಯುವುದು ಹೇಗೆ? ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ರೇಷ್ಮೆಯ ಸೀರೆ ನೇಯುವ ಮನೆಗಳಿವೆ. ಸೀರೆ ನಗರದ ಅಂಗಡಿಯನ್ನು ತಲುಪುವಾಗ ಅದರ ಪೆಟ್ಟಿಗೆಯ ಮೇಲೆ ಅಂಗಡಿಯ ಹೆಸರು ಹೊಂಬಣ್ಣದಲ್ಲಿ ಮಿನುಗುತ್ತದೆ. ನೇಯ್ದ ಕೈಗೆ ಅಲ್ಲಿ ಹೆಸರಿಲ್ಲ.

ಇಂದಿನ ಕಾಲದ ದೊಡ್ಡ ಉದ್ಯಮವೂ ಈ ಸೀಮೆಗೆ ಬಂದಿದೆ. ಪಾವಗಡದ ತಿರುಮಣಿಯ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದಲ್ಲಿ ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಸೌರ ಉದ್ಯಾನ ಹರಡಿಕೊಂಡಿದೆ. 2019ರ ಕೊನೆಗೆ ಅದು 2,050 ಮೆಗಾವ್ಯಾಟ್‌ಗಳ ಪೂರ್ಣಶಕ್ತಿಯನ್ನು ಪಡೆಯಿತು. ಬರವನ್ನೇ ಬೆಳೆಯುತ್ತಿದ್ದ ಬಿಸಿಲು ಬೆಲೆಯುಳ್ಳ ಪದಾರ್ಥವಾದುದು ಸಣ್ಣ ಸಂಗತಿಯಲ್ಲ. ಮೆಚ್ಚಬೇಕಾದುದು ಇನ್ನೊಂದು: ಇಲ್ಲಿ ರೈತನ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿನಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆಯೊಡನೆ, ಗುತ್ತಿಗೆಗೆ ಪಡೆದರು. ಒಡೆಯನನ್ನು ಒಡೆಯನೆಂದೇ ಗುರುತಿಸಿದಂತಾಯಿತು. ಆದರೆ ಗುರುತಿಸಿದುದು ಪಹಣಿಯಲ್ಲಿ ಹೆಸರುಳ್ಳವರನ್ನು. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯ ಹಣವಿಲ್ಲ. ಹಳೆಯ ಕೆಲಸವೂ ಇಲ್ಲ. ದಾಖಲೆಯ ಕಣ್ಣು ಕಂಡಷ್ಟನ್ನೇ ಮನ್ನಣೆಯ ಕೈ ಮುಟ್ಟುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ಊರಿನ ಕಣ್ಣು ಏನನ್ನು ನೋಡಬೇಕು? ವರ್ಷದ ವಹಿವಾಟು ಎಷ್ಟು ಲಕ್ಷವೆಂಬುದನ್ನು ತೆರಿಗೆಯ ಇಲಾಖೆ ನೋಡುತ್ತದೆ. ತೂಕದ ಕಲ್ಲಿಗೆ ಸರ್ಕಾರ ಮುದ್ರೆ ಹಾಕುತ್ತದೆ. ಅಂಕಿ ಮಿನುಗುವ ತೂಕದ ಯಂತ್ರ ಬಂದ ಮೇಲೆ ಅದಕ್ಕೂ ಮುದ್ರೆಯುಂಟು. ಕಲ್ಲಿಗೂ ಯಂತ್ರಕ್ಕೂ ಮುದ್ರೆ ಹಾಕಬಹುದು, ಕೈಗೆ ಹಾಕಲಾಗದು. ಕೈಗೆ ಮುದ್ರೆ ಹಾಕಬೇಕಾದವರು ಊರವರು. ಅದಕ್ಕೆ ಬೇಕಾದ ಪರೀಕ್ಷೆಗಳು ಗೃಹಿಣಿಯರಿಗೆಲ್ಲ ತಿಳಿದಿರುವುವೇ. ಎಂಟು ವರ್ಷದ ಮಗುವಿನ ಕೈಗೆ ಹಣ ಕೊಟ್ಟು ಕಳುಹಿದರೂ ಸರಿಯಾದ ತೂಕ, ಸರಿಯಾದ ಚಿಲ್ಲರೆ ಬರುವ ಅಂಗಡಿ ಯಾವುದು? ಮಳೆ ಕೈಕೊಟ್ಟ ವರ್ಷ, ಹೊಲದಲ್ಲಿ ಕಡಲೆಕಾಯಿ ಜೊಳ್ಳಾದಾಗ, ಉದ್ದರಿಯ ಪುಸ್ತಕವನ್ನು ಮುಚ್ಚದೆ ರಾಗಿ ಅಳೆದುಕೊಟ್ಟವರು ಯಾರು? ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದ ಹುಡುಗ ಹತ್ತು ವರ್ಷದ ಮೇಲೆ ಅದೇ ಬೀದಿಯಲ್ಲಿ ತನ್ನ ಅಂಗಡಿ ತೆರೆದಾಗ, ಹರಸಿದ ಯಜಮಾನ ಯಾರು, ಹಲ್ಲು ಕಡಿದ ಯಜಮಾನ ಯಾರು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಲು ತೀರ್ಪುಗಾರರ ಸಮಿತಿ ಬೇಕಿಲ್ಲ. ಬೀದಿಯ ನಲ್ಲಿಯ ಬಳಿ ನಾಲ್ಕು ಜನರನ್ನು ಕೇಳಿದರೆ ಸಾಕು.

ಇದರಿಂದ ಅಂಗಡಿಯವರೆಲ್ಲ ಸಂತರೆಂದು ಯಾರೂ ತಿಳಿಯಬಾರದು. ಉದ್ದರಿಯ ಪುಸ್ತಕದಲ್ಲಿ ಅಂಕಿಗೆ ಮರಿ ಹುಟ್ಟುವುದೂ, ಬೆಳೆ ಹೊಲದಲ್ಲಿರುವಾಗಲೇ ಸಾಲಕ್ಕೆ ಬರೆಸಿಕೊಂಡು ಕಡಮೆ ಬೆಲೆಗೆ ಎತ್ತಿಕೊಳ್ಳುವುದೂ ಈ ಬರದ ಸೀಮೆಗೆ ಹೊಸದಲ್ಲ. ಕೆಟ್ಟ ನಾಣ್ಯಗಳು ಚಲಾವಣೆಯಲ್ಲಿವೆಯೆಂದೇ ಒಳ್ಳೆಯದನ್ನು ಆರಿಸಿ ತೋರಿಸಬೇಕಾಗಿದೆ. ಚಂದಾ ಹೆಚ್ಚು ಕೊಟ್ಟವರಿಗೆ ಶಾಲು ಹೊದಿಸಿದರೆ ಅದು ಮಾನವೂ ಅಲ್ಲ, ಸನ್ಮಾನವೂ ಅಲ್ಲ. ಅದೂ ಒಂದು ವ್ಯಾಪಾರ.

ಅಂಗಡಿಯೇ ಇಲ್ಲದ ವ್ಯಾಪಾರಿಗಳನ್ನೂ ಮರೆಯಲಾಗದು. ಬಸ್ ನಿಲ್ದಾಣದ ಬಳಿ ಮೊಳ ಹಾಕಿ ಹೂ ಮಾರುವ ಅಮ್ಮ, ನಸುಕಿನಲ್ಲಿ ಇಡ್ಲಿಯ ಪಾತ್ರೆ ಇಳಿಸುವ ಅಕ್ಕ, ಹುಣಸೆಹಣ್ಣನ್ನು ಬುಟ್ಟಿಯಲ್ಲಿಟ್ಟು ಸಂತೆಗೆ ಬರುವ ಅಜ್ಜಿ ಇವರೂ ಉದ್ಯಮಿಗಳೇ. ಬಂಡವಾಳ ತಮ್ಮದು, ನಷ್ಟ ತಮ್ಮದು, ದಿನದ ಲೆಕ್ಕ ತಮ್ಮದು. ಇವರಿಗೆ ಬೇಕಾದ ಮೊದಲ ಮನ್ನಣೆ ಶಾಲಲ್ಲ. ಕುಳಿತ ಜಾಗದಿಂದ ಎಬ್ಬಿಸದಿರುವುದು. 2014ರಲ್ಲಿ ಬಂದ ಬೀದಿಬದಿ ವ್ಯಾಪಾರಿಗಳ ಕಾಯಿದೆ ಇವರಿಗೆ ಪ್ರಮಾಣಪತ್ರ ಕೊಡಬೇಕೆಂದೂ, ಊರಿನ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40 ಪಾಲಿಗೆ ಕಡಮೆಯಿಲ್ಲದಂತೆ ಇವರೇ ಇರಬೇಕೆಂದೂ, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಾಗಬೇಕೆಂದೂ ವಿಧಿಸಿದೆ. ಕಾಗದದ ಮೇಲಿನ ಈ ಮಾತನ್ನು ಬೀದಿಯ ಮೇಲಕ್ಕೆ ಇಳಿಸಿದ ಊರು ಯಾವ ಸಮಾರಂಭವನ್ನೂ ಮಾಡದೆಯೇ ಅರ್ಧ ಸನ್ಮಾನ ಮಾಡಿದಂತೆ.

ಉಳಿದರ್ಧ ಈಗ ಅವಸರದ್ದಾಗಿದೆ. ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಬೆಂಗಳೂರು. ಕೈಯ ಫೋನನ್ನು ಒತ್ತಿದರೆ ಪದಾರ್ಥ ಬಾಗಿಲಿಗೆ. ಓದಿದ ಮಗ ನಗರ ಸೇರುತ್ತಾನೆ. ತಂದೆಯ ಅಂಗಡಿ ತಂದೆಯೊಡನೆ ಮುಚ್ಚುತ್ತದೆ. ಶಿರಾದಿಂದ ಹನ್ನೆರಡು ಸಾವಿರ ಮನೆಗಳನ್ನು ಎಬ್ಬಿಸಲು ಒಬ್ಬ ಸುಲ್ತಾನನ ಅಪ್ಪಣೆ ಬೇಕಾಗಿದ್ದಿತು. ಇಂದು ಅಪ್ಪಣೆಯೇ ಇಲ್ಲದೆ ಊರುಗಳು ಬರಿದಾಗುತ್ತಿವೆ. ಬಾಗಿಲಿಗೆ ಬರುವ ಪದಾರ್ಥ ಬರದ ವರ್ಷದಲ್ಲಿ ಉದ್ದರಿಗೆ ಬರುವುದಿಲ್ಲವೆಂಬುದು ಆಗ ನೆನಪಾದರೆ ಪ್ರಯೋಜನವೇನು? ತಂದೆಯ ಕಸಬು ಊರಿನಲ್ಲಿ ತಲೆಯೆತ್ತಿ ಹೇಳಿಕೊಳ್ಳುವಂಥದು ಎಂದು ಮಗನಿಗೆ ಒಮ್ಮೆಯಾದರೂ ಅನ್ನಿಸಬೇಕಲ್ಲವೆ?

ಆದುದರಿಂದ ಬರುವ ನವೆಂಬರಿನಲ್ಲಿ ಸಂಘದವರು ಒಂದು ಶಾಲನ್ನು ಬೇರೆ ತೆಗೆದಿಡಲಿ. ಆದರೆ ಅಂಗಡಿಯವರನ್ನು ವೇದಿಕೆಗೆ ಕರೆಯುವ ತಪ್ಪು ಮಾಡದಿರಲಿ. ಸಭೆ ಸೇರುವುದು ಸಂಜೆಯ ಆರಕ್ಕೆ. ಕೂಲಿಯವರು ಸಾಮಾನಿಗೆ ಬರುವುದೂ ಅದೇ ಹೊತ್ತಿಗೆ. ನಿಜವಾದ ವ್ಯಾಪಾರಿ ಆ ವೇಳೆಯಲ್ಲಿ ಅಂಗಡಿ ಬಿಟ್ಟು ಬರಲಾರ. ಬಂದರೆ ಸನ್ಮಾನಕ್ಕೆ ತಕ್ಕವನಲ್ಲ. ಸಭೆಯೇ ಅಂಗಡಿಗೆ ಹೋಗಲಿ. ಭಾಷಣ ಬೇಡ. ಗಿರಾಕಿಗಳ ಎದುರಿಗೆ, ಮಕ್ಕಳ ಎದುರಿಗೆ, ಎರಡು ಮಾತು ಹೇಳಿ ಶಾಲು ಹೊದಿಸಿದರೆ ಸಾಕು. “ಇದೆಲ್ಲ ಯಾಕೆ ಸ್ವಾಮಿ, ದಾರಿ ಬಿಡಿ, ಆ ಮಗು ಆಗಿನಿಂದ ಬೆಲ್ಲಕ್ಕೆ ನಿಂತಿದೆ” ಎಂದು ಅವರು ಗದರಿಕೊಂಡರೆ, ಸಂಘದವರು ಸರಿಯಾದ ಅಂಗಡಿಗೇ ಬಂದಿದ್ದಾರೆಂದು ತಿಳಿಯಬಹುದು.